ಜಾರದ ಪಟ್ಟಿ

ಹತ್ತೂ ನಲವತ್ತಕ್ಕೆ ಹೋರೇಸ್ ಪೆಟ್ವೇ ಎಂದು ಆ ದಿನದ ಹಾಳೆಯಲ್ಲಿ ಅಚ್ಚಾಗಿತ್ತು. ಲೊರೀನ್ ಅದನ್ನು ಏಳೂ ಮುಕ್ಕಾಲಿಗೆ, ಕೋಟು ಕೂಡ ಕಳಚದೆ, ಹಲ್ಲಿನ ಆಸ್ಪತ್ರೆಯ ಮುಂದಿನ ಕೋಣೆಯಲ್ಲಿ ನಿಂತು ಓದಿದಳು. ಓದಿದ ತಕ್ಷಣ ಸೊಂಟದ ಬಲಗಡೆ, ಪಿಸ್ತೂಲು ಸಿಕ್ಕಿಸುವ ಹಳೆಯ ಪಟ್ಟಿಗಳ ಅಂಚು ಉಜ್ಜಿ ಉಜ್ಜಿ ಚರ್ಮ ದಪ್ಪವಾದ ಜಾಗದಲ್ಲಿ ತುರಿಕೆ ಎದ್ದಿತು. ಕೆಲಸದ ಹೊತ್ತಿನಲ್ಲಿ ಅವಳು ಪಟ್ಟಿ ಕಟ್ಟುವುದಿಲ್ಲ, ಪಿಸ್ತೂಲು ಕಾರಿನೊಳಗೆ ಬೀಗ ಹಾಕಿದ ಪೆಟ್ಟಿಗೆಯಲ್ಲಿರುತ್ತದೆ. ಆದರೂ ತುರಿಸಿತು. ತುರಿಸಿಕೊಂಡು, ಮೇಜಿನ ಹಿಂದೆ ಕೂತಿದ್ದ ಟ್ವಿಲಾಳನ್ನು, ಹತ್ತೂ ನಲವತ್ತರವರನ್ನು ಪಕ್ಕದ ಕೋಣೆಯಲ್ಲಿ ತನ್ನ ಹಾಗೇ ಹಲ್ಲು ಶುಚಿಮಾಡುವವಳಿಗೆ ಕೊಡಬಹುದೇ ಎಂದು ಕೇಳಿದಳು. ಟ್ವಿಲಾ ಕಂಪ್ಯೂಟರಿನಿಂದ ತಲೆ ಎತ್ತದೆಯೇ, ಸಾಧ್ಯವಿಲ್ಲ, ಅವರು ಒಂಬತ್ತು ವರ್ಷದಿಂದ ಲೊರೀನಳನ್ನೇ ಕೇಳಿ ಬರುವವರು ಎಂದಳು. ಈ ಸಲ ಫೋನು ಮಾಡಿದಾಗಲೂ, ಮಿಸ್ ಲೊರೀನ್ ಅವರದು ಹಗುರ ಕೈ, ಅವರಿಲ್ಲದ ದಿನ ಬೇಡ ಎಂದಿದ್ದರಂತೆ. ಹಗುರ ಕೈ ಎಂಬ ಮಾತು ಕೇಳಿ ಲೊರೀನ್ ತನ್ನ ಕೈಯನ್ನು ಎಲ್ಲಿಡುವುದೋ ತಿಳಿಯದೆ ಕೋಟಿನ ಜೇಬಿಗೆ ತೂರಿಸಿದಳು.

ಓಡುವಾಗ ಪಿಸ್ತೂಲನ್ನು ಎಲ್ಲಿಟ್ಟುಕೊಳ್ಳಬೇಕು ಎನ್ನುವುದು ಓಡದವರಿಗೆ ಸಣ್ಣ ವಿಷಯ. ಅಲಬಾಮಾದ ಅವಳ ಊರಿನಲ್ಲಿ ಇಟ್ಟುಕೊಳ್ಳಬೇಕೋ ಬೇಡವೋ ಎಂದು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ತಲೆನೋವೆಲ್ಲ ಎಲ್ಲಿ ಎನ್ನುವುದರದು. ಜೀನ್ಸಿಗಾದರೆ ಗಟ್ಟಿ ಬೆಲ್ಟು ಇರುತ್ತದೆ, ಓಟದ ಚಡ್ಡಿಗೆ ಇರುವುದು ಒಂದು ಲಾಡಿ. ಮೊದಲು ತಂದ ಸೊಂಟದ ಚೀಲ ಹೆಜ್ಜೆಗೊಮ್ಮೆ ಕಿಬ್ಬೊಟ್ಟೆಗೆ ಗುದ್ದುತ್ತಿತ್ತು. ಆಮೇಲಿನ ಎಲಾಸ್ಟಿಕ್ ಪಟ್ಟಿ ಒಂದು ಮೈಲಿ ಮುಗಿಯುವುದರೊಳಗೆ ಬೆವರಿಗೆ ಜಾರಿ ತೊಡೆಯ ಮೇಲೆ ಬಂದು ಕೂರುತ್ತಿತ್ತು. ಕಂಕುಳ ಕೆಳಗೆ ಕಟ್ಟುವುದೊಂದು ಬಂತು, ಅದು ಚರ್ಮ ಕಿತ್ತು ಸ್ನಾನದ ಮನೆಯಲ್ಲಿ ಅವಳ ಕಣ್ಣಲ್ಲಿ ನೀರು ತರಿಸಿತು. ಒಳಚಡ್ಡಿಯಲ್ಲೇ ಜೇಬು ಹೊಲಿದಿದ್ದೊಂದು ಬಂತು, ಅದು ಒಂದು ಪಕ್ಕಕ್ಕೆ ಇಳಿದು ಮರ್ಯಾದೆ ತೆಗೆಯಿತು. ಮುಲಾಮು ಸವರಿಕೊಂಡಳು, ಆಕಾರ ಹೊರಗೆ ಕಾಣದಿರಲಿ ಎಂದು ಎರಡು ಅಳತೆ ದೊಡ್ಡ ಅಂಗಿ ಹಾಕಿಕೊಂಡಳು, ಬೆವರಿನ ಉಪ್ಪಿಗೆ ತುಕ್ಕು ಹಿಡಿಯದಂತೆ ಪಿಸ್ತೂಲಿಗೆ ವಾರಕ್ಕೆರಡು ಸಲ ಎಣ್ಣೆ ಹಚ್ಚಿದಳು. ಬೇಡವಾದವೆಲ್ಲ ಮಲಗುವ ಕೋಣೆಯ ಬೀರುವಿನ ಕೆಳಗಿನ ಖಾನೆ ಸೇರಿದವು. ಅಂಥದೊಂದು ಖಾನೆ ಇಲ್ಲದ ಮನೆ ಆ ಬೀದಿಯಲ್ಲಿ ಇರಲಿಲ್ಲ. ಚರ್ಚಿನ ಭಾನುವಾರದ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತ ಹೆಂಗಸರು ಯಾವುದು ಉಜ್ಜುತ್ತದೆ, ಯಾವುದು ಉಜ್ಜುವುದಿಲ್ಲ ಎಂದು ಮಾತಾಡಿಕೊಳ್ಳುತ್ತಿದ್ದರು. ಪಿಸ್ತೂಲಿನ ಮಾತು ಅದರಲ್ಲಿ ಬರುತ್ತಲೇ ಇರಲಿಲ್ಲ, ಬರೀ ಚರ್ಮದ್ದು.

ಎಂಟನೆಯ ಪಟ್ಟಿಯನ್ನು ತಂದವನು ಗಂಡ ವೆಂಡೆಲ್. ಕರೆಂಟು ಕಂಬ ಹತ್ತುವ ಕೆಲಸದವನು, ಸೊಂಟಕ್ಕೆ ಏನೇ ಕಟ್ಟಿದರೂ ಅದು ಅಲ್ಲಾಡಬಾರದು ಎನ್ನುವುದು ಅವನಿಗೆ ವೇದವಾಕ್ಯ. ಅಗಲವಾದ, ಮೆತ್ತನೆಯ, ಮೂರು ಕೊಕ್ಕೆಯ ಪಟ್ಟಿ. ಅದನ್ನು ಅವಳಿಗೆ ಕಟ್ಟಿಸಿ, ಅಡುಗೆಮನೆಯ ನಡುವೆ ನಿಲ್ಲಿಸಿ, ತಾನು ಬನ್ನಿನಂಥ ಬಿಸ್ಕೆಟ್ಟಿಗೆ ಗ್ರೇವಿ ಸುರಿದುಕೊಂಡು ತಿನ್ನುತ್ತ ಮೂವತ್ತು ಸಲ ಕುಪ್ಪಳಿಸಲು ಹೇಳಿದ. ನಲವತ್ತೊಂಬತ್ತು ವರ್ಷದ ಹೆಂಗಸು ಬೆಳಿಗ್ಗೆ ಬೆಳಿಗ್ಗೆ ಒಲೆಯ ಮುಂದೆ ಕುಪ್ಪಳಿಸಿದಳು.

"ಅಲ್ಲಾಡ್ತಾ?"

"ಇಲ್ಲ."

"ಒಂಚೂರೂ?"

"ಇಲ್ಲ ಅಂದ್ನಲ್ಲ ವೆಂಡೆಲ್. ಅಲ್ಲಾಡಿದ್ದು ನಾನೊಬ್ಳೇ."

ಅವನು ಗೆದ್ದವನ ಹಾಗೆ ತಟ್ಟೆ ಒರೆಸಿ ತಿಂದ. ಅವಳಿಗೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಬೇಕು. ಎರಡು ದಿನ ಓಡಿದಳು, ಕಟ್ಟಿದ್ದೇ ಮರೆತುಹೋಗುವಷ್ಟು ಹಿತವಾಗಿತ್ತು. ಮೂರನೆಯ ದಿನ, ಅಕ್ಟೋಬರ್ ಕೊನೆಯ ಗುರುವಾರ, ಬೆಳಗಿನ ಆರೂ ಕಾಲಿಗೆ, ಅದು ನಡೆದುಹೋಯಿತು. ಹಳೆಯ ರೈಲು ಹಳಿ ಕಿತ್ತು ಡಾಂಬರು ಹಾಕಿದ ದಾರಿ ಅದು, ಊರಿನವರೆಲ್ಲ ಓಡುವುದು ಅಲ್ಲೇ. ಹಿಂದಿನಿಂದ ಬಂದು ದಾಟುವವನು ನಿಮ್ಮ ಎಡಕ್ಕೆ ಎಂದು ಕೂಗಿ ಹೇಳಬೇಕು, ಮುಂದಿರುವವನು ಬಲಕ್ಕೆ ಸರಿಯಬೇಕು, ಅದು ಅಲ್ಲಿಯ ಪದ್ಧತಿ. ಸಣ್ಣಗೆ ಹನಿಯುತ್ತಿತ್ತು, ಇನ್ನೂ ಕತ್ತಲು. ಅವಳ ಹಣೆಗೆ ಕಟ್ಟಿದ ದೀಪ ಮುಂದಿನ ಹತ್ತು ಮಾರು ಬೆಳಗುತ್ತಿತ್ತು. ಸೈಕಲ್ಲಿನವನೊಬ್ಬ ಎಡಕ್ಕೆ ಎಂದು ಹೋದ. ತಲೆಗೆ ಮುಸುಕು ಎಳೆದುಕೊಂಡ ಇಬ್ಬರು ಕಾಲೇಜು ಹುಡುಗರು, ಬಿಳಿಯರು, ಎಡಕ್ಕೆ ಎಂದು ಕಿರುಚಿ ನಗುತ್ತ ಹೋದರು. ಆಮೇಲೆ ಮೂರನೆಯ ಸಲ ಹಿಂದಿನಿಂದ ಅದೇ ಮಾತು, ಎರಡು ಬಾರಿ, ದಪ್ಪ ದನಿಯಲ್ಲಿ. ಅವಳು ತಿರುಗಿದಳು. ದೀಪದ ಬೆಳಕಿಗೆ ಸಿಕ್ಕಿದ್ದು ಎತ್ತರದ ಒಬ್ಬ ಕಪ್ಪು ಗಂಡಸು, ಮಳೆಯಂಗಿಯ ಟೊಪ್ಪಿಗೆ ಹಣೆತನಕ. ಅವಳ ಬಲಗೈ ಅಂಗಿಯ ಕೆಳಗೆ ಹೋಗಿತ್ತು. ಹೋಗು ಎಂದು ಅವಳು ಕೈಗೆ ಹೇಳಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ. ಬೆರಳಿಗೆ ಹಿಡಿಕೆ ಸಿಕ್ಕಿತ್ತು, ಎಲ್ಲಿರಬೇಕೋ ಅಲ್ಲೇ ಇತ್ತು. ಅವರು ನಿಂತರು. ಎರಡೂ ಅಂಗೈ ಬಿಚ್ಚಿ ಮುಂದಕ್ಕೆ ಚಾಚಿ, ಡಾಂಬರು ಬಿಟ್ಟು ಒದ್ದೆ ಹುಲ್ಲಿಗಿಳಿದು, ಹೋಗಿ ಅಮ್ಮಾ, ನೀವು ಮೊದಲು ಹೋಗಿ ಎಂದರು. ಆ ದನಿಯನ್ನು ಅವಳು ವರ್ಷಕ್ಕೆರಡು ಸಲ, ಒಂದಡಿ ದೂರದಲ್ಲಿ, ಕೇಳುತ್ತ ಬಂದಿದ್ದಳು. ಪೆಟ್ವೇ ಅವರೇ, ನಾನು ಲೊರೀನ್ ಎನ್ನಬಹುದಿತ್ತು. ನಾಲ್ಕು ಪದ. ದೀಪ ಅವರ ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಅವರಿಗೆ ತನ್ನ ಮುಖ ಕಾಣುವುದಿಲ್ಲ ಎನ್ನುವುದು ಅವಳಿಗೆ ಆ ಗಳಿಗೆಯಲ್ಲೇ ಹೊಳೆದಿತ್ತು. ಹೊಳೆದದ್ದರಿಂದಲೇ ಬಾಯಿ ಮುಚ್ಚಿಕೊಂಡು ಓಡಿಬಿಟ್ಟಳು.

ಮನೆಯಲ್ಲಿ ವೆಂಡೆಲ್‌ಗೆ, ಯಾರೋ ದಾಟುತ್ತಿದ್ದರು, ಪಟ್ಟಿ ಜಾರಿತು, ಏರಿಸಿಕೊಳ್ಳೋಣ ಎಂದು ಕೈ ಹಾಕಿದೆ, ಅವರು ತಪ್ಪು ತಿಳಿದರು ಎಂದಳು. ಸುಳ್ಳು ಇಷ್ಟು ನುಣ್ಣಗೆ ಬಾಯಿಂದ ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ದಾಟಿದವರು ಯಾರು ಎಂದು ವೆಂಡೆಲ್ ಕೇಳಲಿಲ್ಲ. ಪಟ್ಟಿ ಜಾರಿತೇ ಎಂದು ಕೇಳಿದ. ಅದನ್ನು ದೀಪದ ಕೆಳಗೆ ಹಿಡಿದು, ಕೊಕ್ಕೆ ಎಳೆದು ನೋಡಿ, ತನ್ನನ್ನೇ ಬೈದುಕೊಂಡು, ಮಾರಿದ ಕಂಪನಿಗೆ ಫೋನು ಮಾಡಿ ಅರ್ಧ ಗಂಟೆ ಜಗಳ ಆಡಿದ. ಅವರು ಲೊರೀನಳ ಹೆಸರಿಗೆ ಕ್ಷಮೆ ಕೇಳಿ ಕಾಗದ ಬರೆದು, ಒಂಬತ್ತನೆಯದೊಂದನ್ನು ಪುಕ್ಕಟೆ ಕಳಿಸಿದರು. ಆ ಕಾಗದವನ್ನು ಅವಳು ಎರಡು ಸಲ ಓದಿದಳು. ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಎಂದಿತ್ತು. ಇಡೀ ಪ್ರಕರಣದಲ್ಲಿ ಕ್ಷಮೆ ಕೇಳಿದ್ದು ಆ ಕಂಪನಿಯವರು ಮಾತ್ರ, ಅದೂ ಅವಳನ್ನು. ನಾಚಿಕೆಯಾಯಿತು. ಕಾಗದವನ್ನು ಕೆಳಗಿನ ಖಾನೆಗೆ ಹಾಕಿದಳು. ಆಮೇಲಿನ ಆರು ವಾರವೂ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಓಡಿದಳು. ಅವರು ಒಂದು ದಿನವೂ ಕಾಣಲಿಲ್ಲ. ಬೇರೆ ಊರಿಗೆ ಹೋಗಿರಬೇಕು, ಚಳಿ ಅಲ್ಲವೇ, ವಯಸ್ಸಾಯಿತಲ್ಲ ಎಂದು ದಿನಕ್ಕೊಂದು ಕಾರಣ ಹುಡುಕಿ ಕೊಡುತ್ತಿದ್ದಳು.

ಹತ್ತೂ ಮೂವತ್ತೈದಕ್ಕೆ ಅವರು ಬಂದರು, ಯಾವತ್ತಿನ ಹಾಗೆ ಐದು ನಿಮಿಷ ಮುಂಚೆ. ಮೂವತ್ತೊಂದು ವರ್ಷ ಆ ಊರಿನ ಅಂಚೆ ಹಂಚಿದವರಿಗೆ ಹೊತ್ತು ತಪ್ಪುವುದೆಂದರೇನೆಂದು ಗೊತ್ತಿಲ್ಲ. ಟೊಪ್ಪಿಗೆ ಕೈಯಲ್ಲಿ, ಇನ್ನೊಂದು ಕೈಯಲ್ಲಿ ತಮ್ಮ ಹಿತ್ತಿಲಿನ, ಅಕ್ರೋಟಿನಂಥ ಪೆಕಾನ್ ಕಾಯಿ ಒಡೆದು ತುಂಬಿದ ಒಂದು ಚೀಲ. ಪ್ರತಿ ಡಿಸೆಂಬರಿನಲ್ಲೂ ತರುತ್ತಾರೆ. ಅದನ್ನು ಅವಳ ಕೈಗಿತ್ತು, ನಿಮ್ಮ ತಾಯಿಯವರ ಸೊಂಟ ಈಗ ಹೇಗಿದೆ ಎಂದು ಕೇಳಿದರು. ಲೊರೀನ್ ಆಗಲೇ ಮೂಗು ಬಾಯಿಗೆ ಕೆಲಸದ ಮುಸುಕು ಕಟ್ಟಿ ಆಗಿತ್ತು. ಇಷ್ಟು ಬೇಗ ಕಟ್ಟಿಕೊಳ್ಳುವ ಅಗತ್ಯವಿರಲಿಲ್ಲ. ನಡೆದಾಡುತ್ತಾರೆ, ಕೋಲು ಬಿಟ್ಟಿದ್ದಾರೆ ಎಂದಳು. ಅವರು ಕುರ್ಚಿಯಲ್ಲಿ ಒರಗಿದರು, ಅವಳು ಗುಂಡಿ ಒತ್ತಿದಳು, ಕುರ್ಚಿ ಹಿಂದಕ್ಕೆ ಮಲಗಿತು. ಅವರ ಕೊರಳಿಗೆ ಕಾಗದದ ಬಟ್ಟೆ ಸಿಕ್ಕಿಸಿ, ಮೇಲಿನ ದೀಪವನ್ನು ಎಳೆದು ಬಾಯಿಯ ಮೇಲೆ ಬಿಟ್ಟಳು. ಬೆಳಕು ಕಣ್ಣಿಗೆ ಹೊಡೆದು ಅವರು ಒಂದು ಕ್ಷಣ ಮುಖ ತಿರುಗಿಸಿದರು. ಕ್ಷಮಿಸಿ ಎಂದಳು, ಬೇಕಾದ್ದಕ್ಕಿಂತ ಗಟ್ಟಿಯಾಗಿ.

ಅವಳ ಕೆಲಸದಲ್ಲಿ ಮೊದಲು ಅಳತೆ. ಗೆರೆ ಕೊರೆದ ಸಣ್ಣ ಕಡ್ಡಿಯನ್ನು ಹಲ್ಲಿಗೂ ವಸಡಿಗೂ ನಡುವೆ ಇಳಿಸಿ ಆಳ ಬರೆದುಕೊಳ್ಳುವುದು. ಎರಡು ಮೂರು ಮಿಲಿಮೀಟರ್ ಬಂದರೆ ವಸಡು ಗಟ್ಟಿ, ಐದು ಬಂದರೆ ಸಡಿಲ. ಜೂನ್ ತಿಂಗಳಲ್ಲಿ ಈ ಬಾಯಿಯಲ್ಲಿ ಮೂರರ ಮೇಲೆ ಒಂದೂ ಇರಲಿಲ್ಲ. ಅರವತ್ತೆಂಟು ವರ್ಷದ ಸಕ್ಕರೆ ಕಾಯಿಲೆಯವರಿಗೆ ಇಂಥ ವಸಡು ಎಂದು ಡಾಕ್ಟರನ್ನೂ ಕರೆದು ತೋರಿಸಿದ್ದಳು. ಈಗ ಬಲಗಡೆಯ ಹಿಂದಿನ ಹಲ್ಲಿನಲ್ಲೇ ಐದು. ಅದರ ಪಕ್ಕದ್ದರಲ್ಲಿ ಐದು. ಕಡ್ಡಿ ತೆಗೆದ ಕಡೆಯೆಲ್ಲ ರಕ್ತ ಜಿನುಗುತ್ತಿತ್ತು. ಅವಳಿಗೆ ಕಾರಣ ಗೊತ್ತಿತ್ತು, ಆದರೆ ಇಪ್ಪತ್ತು ವರ್ಷದ ಅಭ್ಯಾಸಬಲ, ನಾಲಿಗೆ ತಾನೇ ಕೇಳಿಬಿಟ್ಟಿತು.

"ಪೆಟ್ವೇ ಅವ್ರೇ, ಶುಗರ್ ಏರಿದ್ಯಾ? ಓಡ್ತಾ ಇಲ್ವಾ ನೀವು?"

ಅವರು ಎಡಗೈ ಎತ್ತಿದರು. ಮಾತಾಡಬೇಕು ಎಂದರೆ ಎಡಗೈ ಎತ್ತಬೇಕು ಎಂದು ಒಂಬತ್ತು ವರ್ಷದ ಹಿಂದೆ ಅವಳೇ ಹೇಳಿಕೊಟ್ಟಿದ್ದು. ಅವಳು ಕಡ್ಡಿ ಹೊರತೆಗೆದಳು.

"ಓಡೋದು ಬಿಟ್ಟೆ, ಮಿಸ್ ಲೊರೀನ್. ಆರು ವಾರ ಆಯ್ತು."

ಶುಗರ್ ಏರಿದೆ, ಗುಳಿಗೆ ಎರಡಾಗಿದೆ, ಮುಂದಿನ ತಿಂಗಳೂ ಇಳಿಯದಿದ್ದರೆ ಸೂಜಿ ಎಂದಿದ್ದಾರೆ ಡಾಕ್ಟರು ಎಂದು ಚಾವಣಿಗೆ ಹೇಳುವವರ ಹಾಗೆ ಹೇಳಿದರು. ಹೆಂಡತಿಗೆ ಮೊಣಕಾಲು ನೋವು ಎಂದು ಹೇಳಿದ್ದಾರಂತೆ. ಮೊಣಕಾಲಿಗೆ ಏನೂ ಆಗಿಲ್ಲ. ಆಮೇಲೆ ಎಲ್ಲವನ್ನೂ ಹೇಳಿದರು: ಹಳಿದಾರಿ, ಹನಿ, ಹಣೆಯ ಮೇಲೆ ದೀಪ ಕಟ್ಟಿಕೊಂಡ ಹೆಂಗಸು, ತಾವು ಎರಡು ಸಲ ಕೂಗಿ ಹೇಳಿದ್ದು, ಅವಳ ಕೈ ಅಂಗಿಯೊಳಗೆ ಹೋದದ್ದು. ಈ ಊರಿನ ಪ್ರತಿಯೊಂದು ಬಾಗಿಲಿಗೂ ಹೋಗಿದ್ದೇನೆ, ನಾಯಿ ಎರಡು ಸಲ ಕಚ್ಚಿದೆ, ಆದರೆ ಒಂದು ಮನೆಯವರೂ ನನ್ನನ್ನು ಕಂಡು ಸೊಂಟಕ್ಕೆ ಕೈ ಹಾಕಿರಲಿಲ್ಲ ಎಂದರು. ಆಗ ಬಟ್ಟೆ ಅಂಚೆಯವನದಿತ್ತು, ಅದಕ್ಕಿರಬಹುದು ಎಂದೂ ಸೇರಿಸಿದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಆ ಹೆಂಗಸಿನ ಬಗ್ಗೆ ಕೂಡ ಅಮ್ಮಾ ಎಂದೇ ಮಾತಾಡುತ್ತಿದ್ದರು. ಬಾಯಿ ತೆರೆಸಿ ಕೂರಿಸುತ್ತೀರಿ, ಒಳಗಿದ್ದದ್ದೆಲ್ಲ ಬಂದುಬಿಡುತ್ತದೆ ಎಂದು ನಕ್ಕರು. ಲೊರೀನ್ ಮುಸುಕಿನೊಳಗೆ ತನ್ನ ಉಸಿರನ್ನೇ ಕುಡಿಯುತ್ತ ಕಡ್ಡಿಯನ್ನು ತಟ್ಟೆಯಲ್ಲಿ ನೇರವಾಗಿ ಜೋಡಿಸುತ್ತಿದ್ದಳು.

"ನೀವೂ ಓಡ್ತೀರಲ್ಲ. ನೀವೂ ಕಟ್ಕೋತೀರಾ?"

"ಕಟ್ಕೋತೀನಿ."

ಅದರಲ್ಲಿ ಮುಚ್ಚಿಡುವಂಥದ್ದೇನೂ ಇರಲಿಲ್ಲ, ಅರ್ಧ ಊರು ಕಟ್ಟಿಕೊಳ್ಳುತ್ತಿತ್ತು. ಅವರು ತಲೆಯನ್ನು ಅವಳ ಕಡೆ ತಿರುಗಿಸಿದರು.

"ನಮ್ಮ ತಂಗಿ ಮಗಳೂ ಕಟ್ಕೋತಾಳೆ. ಅದು ಜಾರತ್ತಂತೆ, ಎಳ್ಕೋತಾನೇ ಇರ್ಬೇಕಂತೆ. ಆರು ವಾರದಿಂದ ಅದೇ ಯೋಚ್ನೆ ನಂಗೆ. ಆ ಅಮ್ಮನೂ ಎಳ್ಕೊಳೋಕೆ ಕೈ ಹಾಕಿದ್ರೋ ಏನೋ. ನಾನೇ ಹೆದರಿ ಕೈ ಎತ್ತಿದ್ನೋ ಏನೋ. ಹಂಗೂ ಇರ್ಬಹುದಾ? ನೀವು ಬಲ್ಲೋರು, ಹೇಳಿ. ಹಂಗಿದ್ರೆ ನಾಳೆನೇ ಬೂಟು ಹಾಕ್ಕೋತೀನಿ."

ಸುಳ್ಳು ಸಿದ್ಧವಾಗಿತ್ತು, ವೆಂಡೆಲ್‌ನ ಬಾಯಲ್ಲೂ ಕಂಪನಿಯವರ ಬಾಯಲ್ಲೂ ಆಡಿ ಸವೆದು ನಯವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಅದರಿಂದ ಅವರಿಗೆ ಒಳ್ಳೆಯದಾಗುತ್ತಿತ್ತು. ನಾಳೆ ಓಡುತ್ತಾರೆ, ಶುಗರ್ ಇಳಿಯುತ್ತದೆ, ಸೂಜಿ ತಪ್ಪುತ್ತದೆ, ಬರುವ ಜೂನಿನಲ್ಲಿ ಇದೇ ವಸಡು ಮೂರಕ್ಕೆ ಬರುತ್ತದೆ. ನಿಜದಿಂದ ಯಾರಿಗೇನು ಲಾಭ? ಈ ಲೆಕ್ಕ ಸರಿಯಾಗಿಯೇ ಇತ್ತು, ಬೇಗ ಬೇಗ ಸರಿಯಾಗಿಬಿಟ್ಟಿದ್ದೇ ಅವಳಿಗೆ ಹಿಡಿಸಲಿಲ್ಲ. ಆದರೂ ಹೇಳಿದಳು.

"ಜಾರತ್ತೆ. ಓಡ್ವಾಗ ಜಾರೇ ಜಾರತ್ತೆ. ಎಲ್ರೂ ಎಳ್ಕೋತಾ ಇರ್ತೀವಿ."

ಅವರು ಉಸಿರು ಬಿಟ್ಟರು. ಎದೆಯ ಮೇಲಿನ ಕಾಗದದ ಬಟ್ಟೆ ಏರಿ ಇಳಿಯಿತು. ನೋಡಿ, ಮುದಿ ಮೂರ್ಖ ನಾನು, ಕಂಡಕಂಡದ್ದಕ್ಕೆಲ್ಲ ಹೆದರಿ ಮನೆ ಹಿಡಿದು ಕೂತೆ ಎಂದರು. ತಮ್ಮಷ್ಟಕ್ಕೆ ತಾವು ನಗುತ್ತ ಬಾಯಿ ತೆರೆದರು. ಲೊರೀನ್ ಮೇಲಿನ ಸಾಲು ಶುಚಿಮಾಡಲು ತೊಡಗಿದಳು. ಸಣ್ಣ ಉಕ್ಕಿನ ಕೊಕ್ಕೆಯ ತುದಿಯಿಂದ ಒಂದೊಂದು ಹಲ್ಲಿನ ಬುಡ ಕೆರೆದು, ರಕ್ತ ಒರೆಸಿ, ಎಂಜಲು ಹೀರುವ ಕೊಳವೆಯನ್ನು ಕೆನ್ನೆಯ ಬದಿಗೆ ಸರಿಸಿ, ಮತ್ತೊಂದಕ್ಕೆ. ಕೈ ಹಗುರವಾಗಿಯೇ ಇತ್ತು. ಐದು ನಿಮಿಷವಾಗುವಷ್ಟರಲ್ಲಿ ಅವರ ಗಂಟಲಿನೊಳಗೆ ಸಣ್ಣಗೆ ಒಂದು ರಾಗ ಶುರುವಾಯಿತು. ಅವಳ ಬೆರಳಿಗೆ ಆ ರಾಗ ತಾಗುತ್ತಿತ್ತು, ಕೆಳದವಡೆ ಅದುರುತ್ತಿತ್ತು. ಮುದಿ ಮೂರ್ಖ ಎಂದರಲ್ಲ. ಓಡಿದ್ದು ಅವಳು, ಮುದಿ ಮೂರ್ಖ ಅವರು. ಒಂದು ಹಲ್ಲು, ಇನ್ನೊಂದು ಹಲ್ಲು. ಅಡುಗೆಮನೆಯಲ್ಲಿ ಮೂವತ್ತು ಸಲ ಕುಪ್ಪಳಿಸಿದ್ದು, ಅಲ್ಲಾಡದೆ ನಿಂತಿದ್ದು. ನಾಳೆ ಇವರು ಬೂಟು ಹಾಕಿಕೊಂಡು ಬರುತ್ತಾರೆ, ಹಿಂದಿನಿಂದ ಎರಡು ಸಲ ಕೂಗುತ್ತಾರೆ, ತಾನು ತಿರುಗಬೇಕಾಗುತ್ತದೆ. ಕೈ ಎಲ್ಲಿಗೆ ಹೋಗುತ್ತದೆ ಎನ್ನುವುದು ತನಗೇ ಗೊತ್ತಿಲ್ಲ. ಆಗ ಇವರು ಅಯ್ಯೋ ಪಾಪ, ಜಾರಿರಬೇಕು ಎಂದುಕೊಂಡು ನಗುತ್ತ ಹತ್ತಿರ ಬಂದರೆ? ಮೇಲಿನ ಸಾಲು ಮುಗಿಯಿತು. ಕೊಕ್ಕೆಯನ್ನು ತಟ್ಟೆಯಲ್ಲಿಟ್ಟು, ಕೈಗವಸು ಕಳಚಿ, ಮುಸುಕನ್ನು ಗಲ್ಲಕ್ಕೆ ಇಳಿಸಿದಳು.

"ಅದು ನಾನು, ಪೆಟ್ವೇ ಅವ್ರೇ. ಹಣೆ ಮೇಲೆ ದೀಪ ಇದ್ದೋಳು. ಪಟ್ಟಿ ಜಾರಿರ್ಲಿಲ್ಲ."

ರಾಗ ನಿಂತಿತು. ಅವರು ಕುರ್ಚಿಯ ಗುಂಡಿಯನ್ನು ತಾವೇ ತಡವಿ ಹುಡುಕಿ ಒತ್ತಿದರು. ಕುರ್ಚಿ ನಿಧಾನವಾಗಿ ಸದ್ದು ಮಾಡುತ್ತ ಮೇಲೆದ್ದಿತು, ಅದು ಪೂರ್ತಿ ಏಳುವ ತನಕ ಇಬ್ಬರೂ ಕಾಯಬೇಕಾಯಿತು. ನೇರವಾಗಿ ಕೂತು ಅವಳ ಮುಖ ನೋಡಿದರು.

"ನಾನು ಅಂತ ಗೊತ್ತಿತ್ತಾ?"

"ಕೈ ಹೋದ್ಮೇಲೆ ಗೊತ್ತಾಯ್ತು."

"ಗೊತ್ತಾದ್ಮೇಲೂ ಮಾತಾಡ್ಲಿಲ್ಲ."

"ಇಲ್ಲ."

"ಅವತ್ತು ನಿಮ್ಮನ್ನ ಬೇರೆ ಯಾರಾದ್ರೂ ದಾಟಿದ್ರಾ? ನನಗಿಂತ ಮುಂಚೆ?"

ಸೈಕಲ್ಲಿನವನೊಬ್ಬ, ಇಬ್ಬರು ಹುಡುಗರು ಎಂದಳು. ಅವರನ್ನು ಕಂಡಾಗಲೂ ಕೈ ಹೋಯಿತೇ ಎಂದು ಕೇಳಿದರು. ಇಲ್ಲ ಎಂದಳು. ಅವರು ತಲೆಯಾಡಿಸಿದರು, ಹೊಸದೇನನ್ನೂ ಕೇಳದವರ ಹಾಗೆ. ಲೊರೀನಳಿಗೆ ಅಳು ಬಂತು. ಇವರ ಮುಂದೆ ಅತ್ತರೆ ಸಮಾಧಾನ ಮಾಡುವ ಕೆಲಸವೂ ಇವರದೇ ಆಗುತ್ತದೆ ಎಂದು ಅದನ್ನು ನುಂಗಿದಳು. ಇನ್ನು ಮೇಲೆ ಓಡುವಾಗ ಪಿಸ್ತೂಲು ತರುವುದಿಲ್ಲ ಎಂದಳು. ಅವರು ಎಡಗೈ ಎತ್ತಿದರು.

"ಅದನ್ನ ನಂಗೆ ಹೇಳ್ಬೇಡಿ. ತಂದಿದೀರೋ ಇಲ್ವೋ ನಂಗೆ ಕಾಣಲ್ಲ. ಕಾಣ್ಬಾರ್ದು ಅಂತ್ಲೇ ಅಲ್ವಾ ಅಂಗಿಯೊಳಗೆ ಇಟ್ಕೊಳೋದು? ಗಡಿಯಾರ ಆದ್ರೆ ನಂಗೂ ಕಾಣತ್ತೆ. ಬೆಳಿಗ್ಗೆ ಆರು ಗಂಟೆ ನಂದು. ಹನ್ನೊಂದು ವರ್ಷದಿಂದ ಆರು ಗಂಟೆಗೆ ಓಡ್ತಿದ್ದೆ. ನೀವು ಬೇರೆ ಹೊತ್ತು ನೋಡ್ಕೊಳಿ."

"ಆಯ್ತು."

"ಏಳೂವರೆ ತನಕ."

"ಆಯ್ತು, ಪೆಟ್ವೇ ಅವ್ರೇ."

ಎಂಟಕ್ಕೆ ಅವಳ ಕೆಲಸ ಶುರು. ಏಳೂವರೆಯ ಮೇಲೆ ಓಡಲು ಹೊತ್ತಿಲ್ಲ, ಸಂಜೆ ಆ ದಾರಿಯಲ್ಲಿ ಜನ ತುಂಬಿ ಜಾಗವಿರುವುದಿಲ್ಲ. ಅದನ್ನು ಅವಳು ಹೇಳಲಿಲ್ಲ. ಅವರು ಎದ್ದು ಹೋಗುತ್ತಾರೆ, ಪಕ್ಕದ ಕೋಣೆಯವಳನ್ನು ಕರೆಯಿರಿ ಎನ್ನುತ್ತಾರೆ ಎಂದು ಕಾದಳು. ಅವರು ಕೊರಳ ಕಾಗದದ ಬಟ್ಟೆಯನ್ನು ಸರಿಪಡಿಸಿಕೊಂಡರು. ಕೆಳಗಿನ ಸಾಲು ಬಾಕಿ ಇದೆಯಲ್ಲ, ಮುಗಿಸಿ ಎಂದರು. ಲೊರೀನ್ ಹೊಸ ಕೈಗವಸು ಹಾಕಿಕೊಂಡು ಕುರ್ಚಿ ಮಲಗಿಸಲು ಗುಂಡಿಯ ಕಡೆ ಕೈ ಚಾಚಿದಳು.

"ಬೇಡ," ಎಂದರು ಅವರು. "ಮಲಗಲ್ಲ. ಹಿಂಗೇ ಮಾಡಿ."

ನೇರ ಕೂತವರ ಕೆಳಗಿನ ಹಲ್ಲು ಶುಚಿಮಾಡುವುದು ಅವಳು ಕಲಿತ ವಿದ್ಯೆಯಲ್ಲಿರಲಿಲ್ಲ. ನಿಂತು ಬಗ್ಗಿದರೆ ಅವಳ ತಲೆಯೇ ಬೆಳಕಿಗೆ ಅಡ್ಡ ಬರುತ್ತಿತ್ತು. ಗಾಲಿ ಸ್ಟೂಲಿನ ಮೇಲೆ ಕೂತರೆ ಕೈ ತಲುಪುತ್ತಿತ್ತು, ಕಣ್ಣು ತಲುಪುತ್ತಿರಲಿಲ್ಲ. ಕೊನೆಗೆ ಸ್ಟೂಲನ್ನು ಕಾಲಿನಿಂದ ಆಚೆ ತಳ್ಳಿ, ಕುರ್ಚಿಯ ಪಕ್ಕ ಮೊಣಕಾಲೂರಿ, ಕತ್ತು ವಾರೆ ಮಾಡಿ, ಕೆಳಗಿನಿಂದ ಮೇಲಕ್ಕೆ ನೋಡುತ್ತ ಕೆರೆಯತೊಡಗಿದಳು. ನೆಲ ತಣ್ಣಗಿತ್ತು, ಗಟ್ಟಿಯಾಗಿತ್ತು. ಎರಡು ಹಲ್ಲು ಮುಗಿಯುವಷ್ಟರಲ್ಲಿ ತೋಳು ಜೋಮು ಹಿಡಿಯಿತು. ಅವರು ಬಾಯಿ ದೊಡ್ಡದಾಗಿ ತೆರೆದುಕೊಂಡು, ಅವಳ ತಲೆಯ ಮೇಲಿಂದ ಎದುರು ಗೋಡೆ ನೋಡುತ್ತ ಕೂತಿದ್ದರು. ಅವಳು ಮೈ ಸರಿಮಾಡಿಕೊಳ್ಳಲಿಲ್ಲ. ಹನ್ನೊಂದೂ ಇಪ್ಪತ್ತೈದಕ್ಕೆ, ಮುಂದಿನವರು ಕಾದು ಕೂತಿದ್ದಾರೆ ಎಂದು ಹೇಳಲು ಟ್ವಿಲಾ ಬಾಗಿಲಿನಲ್ಲಿ ಇಣುಕಿ, ಲೊರೀನ್ ನೆಲದ ಮೇಲಿರುವುದನ್ನು ಕಂಡು ಅಲ್ಲೇ ನಿಂತಳು.

"ಏನಾದ್ರೂ ಬಿತ್ತಾ?"

"ಏನೂ ಬಿದ್ದಿಲ್ಲ," ಎಂದಳು ಲೊರೀನ್, ತಲೆ ತಿರುಗಿಸದೆ. "ಇನ್ನೂ ಆರು ಹಲ್ಲಿದೆ. ಅವ್ರಿಗೆ ಕಾಯೋಕೆ ಹೇಳು."